ಹೀರಾಬಾಯಿಯ ಹಲ್ಲು, ಅಮೆರಿಕದ ಶೈತಾನ

ಮಚ್ಛೇಂದ್ರ ಶೈತಾನನನ್ನು ನಂಬುವವನಲ್ಲ. ದೇವರನ್ನೇ ನಂಬದ ಮನುಷ್ಯ ಶೈತಾನನನ್ನು ಎಲ್ಲಿಂದ ಹುಡುಕಿ ತಂದು ನಂಬಬೇಕು, ನೀವೇ ಹೇಳಿ! ಅಜ್ಜನ ಕಾಲದಲ್ಲೇ ಬುದ್ಧನ ದಾರಿ ಹಿಡಿದ ಮನೆತನ. ಭಾಲ್ಕಿಯ ಕಾಲೇಜಿನಲ್ಲಿ ಇತಿಹಾಸದ ಪಾಠ, ಬೀದರಿನ ನೌಬಾದದಲ್ಲಿ ಮನೆ, ಮನೆಯಲ್ಲಿ ತಾಯಿ ಶೇವಂತಾಬಾಯಿ. ಇದರ ನಡುವೆ ಶೈತಾನನಿಗೆ ಕಾಲಿಡಲು ಜಾಗವಾದರೂ ಎಲ್ಲಿ? ಆದರೂ ಎರಡು ಸಾವಿರದ ಹದಿನಾರರ ಆ ಸುಡುಬೇಸಿಗೆಯಲ್ಲಿ ಒಂದು ಮುಂಜಾನೆ ಇಬ್ಬರು ಗಂಡಸರು ಅವನ ಅಂಗಳಕ್ಕೆ ಬಂದರು. ಚಪ್ಪಲಿ ದೂರದಲ್ಲೇ ಬಿಟ್ಟು ಕೈ ಮುಗಿದು, “ಶೈತಾನ ಮಾಸ್ತರ ಮನಿ ಇದೇ ಏನ್ರಿ?” ಎಂದು ಕೇಳಿದರು.

ತಪ್ಪು ಅವರದಲ್ಲ ಬಿಡಿ, ತಪ್ಪೆಲ್ಲ ಮೊಬೈಲಿನದು. ಹಿಂದಿನ ತಿಂಗಳು ಭಾಲ್ಕಿಯ ಗೆಳೆಯರು ಮಚ್ಛೇಂದ್ರನನ್ನು ಒಂದು ಉಪನ್ಯಾಸಕ್ಕೆ ಕರೆದಿದ್ದರು. ವಿಷಯ ಅವನೇ ಆರಿಸಿಕೊಂಡದ್ದು: ತಾವು ಶೈತಾನನ ಕಡೆಯವರು ಎಂದು ತಾವೇ ಸಾರಿಕೊಳ್ಳುವ ಅಮೆರಿಕದ ಜನ. ಅವರ ಬಗ್ಗೆ ಮಾತಿಗೆ ನಿಂತನೆಂದರೆ ಅವನಿಗೆ ಊಟದ ಖಬರೂ ಇರುವುದಿಲ್ಲ. ಹಿಂದೆ ಯುರೋಪಿನಲ್ಲಿ ಶೈತಾನನ ಸಂಗ ಮಾಡಿದ್ದಾರೆಂದು ಸಾವಿರಾರು ಹೆಂಗಸರನ್ನು ಸುಟ್ಟರು, ನೇಣಿಗೆ ಹಾಕಿದರು. ಆಮೇಲೆ ಹುಟ್ಟಿದ ಕೆಲವು ಕವಿಗಳು ಆ ಹಳೆಯ ಕಥೆಯನ್ನೇ ಮಗುಚಿ ನೋಡಿ, ಇವನು ದುಷ್ಟನಲ್ಲ, ಅಷ್ಟು ದೊಡ್ಡ ದರಬಾರಿನಲ್ಲಿ ಬಾಗದೆ ನಿಂತವನು ಇವನೊಬ್ಬನೇ ಎಂದು ಹಾಡಿದರು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬಾತ ತಲೆ ಬೋಳಿಸಿಕೊಂಡು ಶೈತಾನನ ಹೆಸರಿನಲ್ಲಿ ಒಂದು ಪಂಥವನ್ನೇ ಶುರುಮಾಡಿದ. ಮೇಲೆ ದೇವರಿಲ್ಲ, ಕೆಳಗೆ ದೆವ್ವವಿಲ್ಲ, ಇರುವುದು ಈ ಮೈ, ಈ ಒಂದು ಜನ್ಮ ಎಂಬುದು ಅವನ ವಾದ. ಆ ಬೋಳುತಲೆಯವನ ಕೆಲವು ಮಾತು, ಜೋರಿದ್ದವನೇ ಗೆಲ್ಲಬೇಕು ಎನ್ನುವಂಥವು, ಮಚ್ಛೇಂದ್ರನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವನ ಮನಸ್ಸು ಹೋದದ್ದು ಅದಾಗಿ ಐವತ್ತು ವರ್ಷದ ಹೊತ್ತಿಗೆ ಬಂದ ಇನ್ನೊಂದು ಗುಂಪಿನ ಮೇಲೆ. ಅವರೂ ಶೈತಾನ ಎಂಬೊಬ್ಬ ಎಲ್ಲೋ ಕೂತಿದ್ದಾನೆಂದು ನಂಬುವವರಲ್ಲ. ಅನ್ಯಾಯದ ಮುಂದೆ ಮಂಡಿ ಊರದವನಿಗೆ ಅವರು ಇಟ್ಟುಕೊಂಡ ಹೆಸರು ಅದು, ಅಷ್ಟೇ. ಎಲ್ಲ ಜೀವದ ಮೇಲೆ ಕರುಣೆ ಇರಲಿ, ಕರುಣೆಗೆ ಬುದ್ಧಿಯ ಕಣ್ಣಿರಲಿ, ನನ್ನ ಮೈಗೆ ನಾನೇ ಒಡೆಯ, ವಿಜ್ಞಾನ ತೋರಿಸಿದ್ದನ್ನು ನನಗೆ ಬೇಕಾದಂತೆ ತಿರುಚಬಾರದು, ತಪ್ಪಿದರೆ ತಿದ್ದಿಕೊಳ್ಳಬೇಕು ಎನ್ನುವವರು. ಸರಕಾರದ ಅಂಗಳದಲ್ಲಿ ಒಂದೇ ಧರ್ಮದ ಕಲ್ಲು ನಿಲ್ಲಿಸಿದರೆ, ಹಾಗಾದರೆ ನಮ್ಮದೂ ನಿಲ್ಲಲಿ ಎಂದು ಮೇಕೆಯ ತಲೆ, ರೆಕ್ಕೆ ಇರುವ, ಆಳಿಗಿಂತ ಎತ್ತರದ ಕಂಚಿನ ಮೂರ್ತಿ ಮಾಡಿಸುವವರು. ಜನ ಕಲ್ಲಿನಂತೆ ಬೀಸಿದ ಬೈಗುಳವನ್ನು ಎತ್ತಿ ಎದೆಗೆ ಬಿಲ್ಲೆಯಂತೆ ಸಿಕ್ಕಿಸಿಕೊಂಡವರು. “ಎಂಥಾ ಎದಿಗಾರಿಕಿ ನೋಡ್ರಿ!” ಎಂದು ಮಚ್ಛೇಂದ್ರ ಅಂದು ಮೇಜು ಗುದ್ದಿದ್ದ. ಯಾರೋ ಒಬ್ಬ ಪುಣ್ಯಾತ್ಮ ಆ ಗುದ್ದನ್ನು, ಹಿಂದೆ ಗೋಡೆಯ ಮೇಲೆ ಬಿದ್ದಿದ್ದ ಮೇಕೆತಲೆಯ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ‘ಅಮೆರಿಕದ ಶೈತಾನ ವಿದ್ಯೆ ಕಲಿತ ಬೀದರಿನ ಮಾಸ್ತರ’ ಎಂದು ಬರೆದು ಊರಿಗೆಲ್ಲ ಕಳಿಸಿದ. ಅದು ಸುತ್ತಿ ಸುತ್ತಿ ಬೀದರಿನ ಗಾಂಧಿ ಗಂಜ್ ಪೇಟೆಯ ತೊಗರಿ ಚೀಲಗಳ ನಡುವೆ ಕೂತ ಒಬ್ಬ ಹಮಾಲನ ಕೈಗೂ ಬಂತು.

ಆ ಹಮಾಲನೇ ಹಣಮಂತಪ್ಪ, ಮೂವತ್ತರ ಗಟ್ಟಿ ಆಳು. ಜೊತೆಗೆ ಬಂದವನು ಧೊಂಡಿಬಾ, ಅರವತ್ತರ ಮನುಷ್ಯ, ಆ ಬಿಸಿಲಲ್ಲೂ ಹೆಗಲ ಮೇಲೆ ಕಂಬಳಿ. ಔರಾದ ತಾಲೂಕಿನಲ್ಲಿ ಎಕಂಬಾ ದಾಟಿ ಹೋದರೆ ಸಿಗುವ ಒಂದು ಸಣ್ಣ ವಾಡಿಯ ಕುರಿಗಾರರ ಪೈಕಿ ಇಬ್ಬರೂ, ಬರ ಬಿದ್ದ ಮೇಲೆ ಕೂಲಿಗೆ ಇಳಿದವರು.

“ನಮ್ಮ ವಾಡ್ಯಾಗ ಭಾನಾಮತಿ ನಡದದರಿ ಸರ,” ಎಂದ ಹಣಮಂತಪ್ಪ.

ಭಾನಾಮತಿ ಎಂದರೆ ಏನೆಂದು ಬೀದರ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಡಿಚಿಟ್ಟ ಬಟ್ಟೆಯಲ್ಲಿ ತೂತು ಬೀಳುತ್ತದೆ, ಮಾಡಿನ ಮೇಲೆ ಕಲ್ಲು ಬೀಳುತ್ತವೆ, ಅನ್ನದಲ್ಲಿ ಕೂದಲು ಬರುತ್ತದೆ. ಯಾರೋ ಮಂತ್ರ ಹಾಕಿದ್ದಾರೆ ಎನ್ನುತ್ತಾರೆ. ಆ ಯಾರೋ ಎಂಬುವವರು ಎಂದೂ ಗೌಡನಾಗಿರುವುದಿಲ್ಲ, ಸಾಹುಕಾರನಾಗಿರುವುದಿಲ್ಲ. ಒಂಟಿ ಹೆಂಗಸೇ ಆಗಿರುತ್ತಾಳೆ. ಮಂತ್ರ ಉಚ್ಚರಿಸಲು ಬಾರದ ಹಾಗೆ ಅವಳ ಮುಂದಿನ ಹಲ್ಲು ಕಿತ್ತರೆ ಭಾನಾಮತಿ ಹೋಗುತ್ತದೆಂಬುದು ಹಳೆಯ ಪದ್ಧತಿ. ಮಚ್ಛೇಂದ್ರನ ಆಯಿಗೂ, ಅಂದರೆ ತಂದೆಯ ತಾಯಿಗೂ, ಮುಂದಿನ ಹಲ್ಲುಗಳಿರಲಿಲ್ಲ. ಮುಪ್ಪಿಗೆ ಬಿದ್ದವಲ್ಲ ಅವು.

ಧೊಂಡಿಬಾ ಕೂತಲ್ಲಿಂದಲೇ ಕೈ ಮುಂದೆ ಚಾಚಿದ. “ನನ್ನ ಮೊಮ್ಮಗಳು ಹೈದರಾಬಾದದಾಗ ಹೋದಳ್ರಿ. ನಾಕು ವರ್ಷದ ಕೂಸು. ಬಿಲ್ಡಿಂಗ್ ಕೆಲಸಕ್ಕ ಹೋಗಿದ್ದಿವಿ, ಅಲ್ಲೇ ವಾಂತಿ, ಜುಲಾಬ ಹತ್ತಿ ಮುಗದೇ ಹೋಯ್ತು. ಹೊಳ್ಳಿ ಊರಿಗಿ ಬಂದು ಪೆಟ್ಟಿಗಿ ತೆಗದು ನೋಡಿದ್ರ, ಕೂಸಿನ ಫ್ರಾಕಿಗಿ ಎದಿ ಮ್ಯಾಲ ಇಷ್ಟಗಲ ತೂತ! ಕೀಲಿ ಹಾಕಿದ ಮನ್ಯಾಗ, ಮುಚ್ಚಿದ ಪೆಟ್ಟಿಗ್ಯಾಗ! ಕೀಲಿ ಇದ್ದದ್ದು ಒಬ್ಬಾಕಿ ಬಲ್ಲಿ. ಹೀರಾಬಾಯಿ ಬಲ್ಲಿ.”

“ಅಮಾಸಿ ದಿನ ಆಕಿ ಹಲ್ಲು ಕೀಳಬೇಕಂತ ಪಂಚರು ಮಾತಾಡ್ಯಾರ್ರಿ,” ಎಂದು ಹಣಮಂತಪ್ಪ ಮುಂದುವರಿಸಿದ. “ಆದ್ರ ಒಬ್ಬಿಬ್ಬರು ಬ್ಯಾಡ ಅಂತಾರ. ಅದಕ್ಕ ನಿಮ್ಮ ಬಲ್ಲಿ ಬಂದೀವಿ. ಸಣ್ಣ ಶೈತಾನನ ಹಿಕಮತ್ತು ದೊಡ್ಡ ಶೈತಾನಗೇ ಗೊತ್ತು. ನೀವು ಬಂದು ನೋಡಿ, ಹೌದು ಅಂದ್ರ ಕೀಳ್ತೀವಿ, ಅಲ್ಲ ಅಂದ್ರ ಬಿಡ್ತೀವಿ. ನೀವು ಹೇಳಿದ್ದೇ ಆಖ್ರಿ.”

ಮಚ್ಛೇಂದ್ರ ಬಾಯಿ ತೆಗೆದ. ತಾನು ಮಾಂತ್ರಿಕನಲ್ಲ, ಆ ಅಮೆರಿಕದವರೂ ಮಾಂತ್ರಿಕರಲ್ಲ, ಬರಗಾಲದಲ್ಲಿ ಬೀಗ ಹಾಕಿದ ಮನೆಯಲ್ಲಿ ಹಸಿದ ಇಲಿ ಬಟ್ಟೆ ಕಡಿಯದೆ ಇನ್ನೇನು ಕಡಿಯಬೇಕು, ಎಂದೆಲ್ಲ ಹೇಳಿದ. ಧೊಂಡಿಬಾ ಅವನ ಮುಖವನ್ನೇ ನೋಡುತ್ತ ಕೂತಿದ್ದು, “ಇಲಿ ಕಡದದ್ದು ನಾವೂ ನೋಡೀವಿ, ಸರ. ಇಲಿನ ಕಳಿಸಿದಾಕಿ ಯಾರು ಅಂತ ಕೇಳಾಕತ್ತೀವಿ,” ಎಂದ. ಇದಕ್ಕೆ ಯಾವ ಕಾಲೇಜಿನಲ್ಲಿ ಉತ್ತರ ಕಲಿಸುತ್ತಾರೆ! ಮಚ್ಛೇಂದ್ರ ಬರುತ್ತೇನೆಂದು ಹೇಳಿ ಕಳಿಸಿದ.

ಪೊಲೀಸರಿಗೆ ಫೋನು ಮಾಡಿದ. ಟ್ಯಾಂಕರಿನ ಮುಂದೆ ಕೊಡಗಳ ಜಗಳ, ಎಲ್ಲರೂ ಅದರ ಬಂದೋಬಸ್ತಿಗೆ ಹೋಗಿದ್ದಾರೆ, ಏನಾದರೂ ಆದರೆ ತಿಳಿಸಿ ಎಂದಿತು ಆ ಕಡೆಯ ದನಿ. ಆದ ಮೇಲೆ ತಿಳಿಸಿದರೆ ಹಲ್ಲು ತಿರುಗಿ ಹುಟ್ಟುತ್ತವೆಯೇ? ಅವನಿಗೆ ಮೈಯೆಲ್ಲ ಉರಿಯಿತು.

ಒಳಗೆ ಎಲ್ಲವನ್ನೂ ಕೇಳಿಸಿಕೊಂಡಿದ್ದ ಶೇವಂತಾಬಾಯಿ ಹೊರಗೆ ಬಂದು ಕಂಬಕ್ಕೆ ಒರಗಿ ಕೂತಳು. “ಹೋಗು. ನಿನ್ನ ಶೈತಾನ ಏನ ಹೇಳ್ಯಾನಂತ ಹೇಳಿ, ಆಕಿ ಹಲ್ಲು ಉಳಸಿ ಬಾ.”

“ಸುಳ್ಳ ಹೇಳಲೇನು ಅವ್ವಾ? ಇದ್ದದ್ದನ್ನ ಇದ್ದಂಗ ನೋಡಬೇಕಂತ ಊರೂರು ಹೇಳಿಕೋತ ತಿರಗಾಂವ ನಾ. ಅಲ್ಲಿ ಹೋಗಿ ಮಂತ್ರದಾಂವನ ವೇಷ ಹಾಕಲಿ?”

“ನಿಮ್ಮಾಯಿ ಹಲ್ಲು ಕೀಳಾಗ ಸುಳ್ಳ ಹೇಳಾಂವ ಒಬ್ಬಾಂವ ಇದ್ದಿದ್ರ ಸಾಕಿತ್ತು,” ಎಂದಳು ಶೇವಂತಾಬಾಯಿ. “ಸಾಯೋತನಕ ಆಕಿಗಿ ರೊಟ್ಟಿ ನೀರಾಗ ನೆನಸಿ ಕೊಟ್ಟಾಕಿ ನಾ. ನನಗ ನಿನ್ನ ಪುಸ್ತಕ ತೋರಸಬ್ಯಾಡ.”

ಅಷ್ಟಾದ ಮೇಲೆ ಇನ್ನೇನು ಉಳಿಯಿತು? ಅಮಾವಾಸ್ಯೆಯ ದಿನ ಅವನು ಔರಾದಿನ ಬಸ್ಸು ಹಿಡಿದ. ಕಿಟಕಿಯ ಪಕ್ಕ ಕೂತು ಆ ದೂರದ ಜನರ ಕೊನೆಯ ನಿಯಮವನ್ನು ಮತ್ತೆ ಮತ್ತೆ ನೆನೆದ. ಬರೆದಿಟ್ಟ ಅಕ್ಷರಕ್ಕಿಂತ ಕರುಣೆ, ನ್ಯಾಯ ದೊಡ್ಡವು, ಎರಡಕ್ಕೂ ತಿಕ್ಕಾಟ ಬಂದರೆ ಅಕ್ಷರವೇ ಹಿಂದೆ ಸರಿಯಲಿ ಎಂಬುದು ಅದರ ಸಾರ. ತನ್ನ ನಿಯಮವನ್ನೇ ಮೀರಲು ದಾರಿ ಬಿಟ್ಟ ಪಂಥ ಇನ್ನೊಂದು ಎಲ್ಲಿದೆ! ಒಂದು ಸುಳ್ಳು, ಒಬ್ಬಳ ಹಲ್ಲು. ಸುಳ್ಳೇ ಹೇಳುವುದೆಂದು ಎಕಂಬಾ ಬರುವ ಹೊತ್ತಿಗೆ ನಿರ್ಧಾರ ಮಾಡಿಬಿಟ್ಟ. ಎದೆ ಸ್ವಲ್ಪ ಹಗುರವಾಯಿತು.

ವಾಡಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಟ್ಯಾಂಕರು ಬರುವ ಜಾಗದಲ್ಲಿ ಖಾಲಿ ಕೊಡಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಆರೋಪ ಹೊತ್ತವಳನ್ನು ಮೊದಲು ತಾನೊಬ್ಬನೇ ನೋಡಬೇಕೆಂದು ಮಚ್ಛೇಂದ್ರ ಹೇಳಿದ್ದಕ್ಕೆ ಯಾರೂ ಅಡ್ಡ ಬರಲಿಲ್ಲ. ದೊಡ್ಡ ಶೈತಾನನ ಮನುಷ್ಯ ಅಲ್ಲವೇ! ಹಣಮಂತಪ್ಪ ಅವನನ್ನು ಹೀರಾಬಾಯಿಯ ಹಟ್ಟಿಯ ತನಕ ಬಿಟ್ಟು, ಒಳಗೆ ಕಾಲಿಡದೆ ತಿರುಗಿ ಹೋದ.

ಹೀರಾಬಾಯಿ ಹಟ್ಟಿಯಲ್ಲಿ ಬಡಕಲು ಕುರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು. ಐವತ್ತೈದರ ಆಸುಪಾಸಿನ ಎತ್ತರದ ಹೆಂಗಸು, ಗಂಡ ಹೋಗಿ ಬಹಳ ವರ್ಷವಾಗಿದೆ. ಸೊಂಟದಲ್ಲಿ ಕೀಲಿಗಳ ದೊಡ್ಡ ಗೊಂಚಲು. ಆ ವಾಡಿಯಲ್ಲಿ ಒಂದು ರೂಢಿ ಇತ್ತು. ಬರ ಬಿದ್ದು ದುಡಿಯಲು ಹೊರಟವರು ಮನೆಯ ಕೀಲಿಯನ್ನು ಸೀಮೆ ದಾಟಿಸಬಾರದು. ಕೀಲಿ ಊರಲ್ಲೇ ಉಳಿದರೆ ಮನುಷ್ಯ ತಿರುಗಿ ಬರುತ್ತಾನೆ ಎಂಬ ನಂಬಿಕೆ. ಕೀಲಿ ಹಿಡಿದವರು ಪ್ರತಿ ಅಮಾವಾಸ್ಯೆಗೆ ಆ ಮನೆಗಳ ಬಾಗಿಲು ತೆಗೆದು, ಕಸ ಹೊಡೆದು, ದೀಪ ಹಚ್ಚಬೇಕು. ಕುರಿ ಬಿಟ್ಟು ಎಲ್ಲಿಗೂ ಹೋಗದ ಹೀರಾಬಾಯಿಯ ಕೈಗೆ ವರ್ಷ ವರ್ಷವೂ ಎಲ್ಲರೂ ಕೀಲಿ ಕೊಟ್ಟು ಹೋಗುತ್ತಿದ್ದರು. ನಡುವೆ ನಾಲ್ಕು ದಿನಕ್ಕೆಂದು ಬಂದವರೂ ಬಾಗಿಲು ತೆಗೆಸಿಕೊಂಡು ಕೀಲಿಯನ್ನು ಅವಳ ಬಳಿಯೇ ಬಿಡುತ್ತಿದ್ದರು. ಈಗ ನೋಡಿದರೆ, ಅಮಾವಾಸ್ಯೆಗೊಮ್ಮೆ ಖಾಲಿ ಮನೆಗಳೊಳಗೆ ಹೋಗಿ ದೀಪ ಹಚ್ಚುತ್ತಿದ್ದವಳು ಯಾರು ಎಂದು ಅವರೇ ಕೇಳುತ್ತಿದ್ದಾರೆ. ಇಂಥ ಮಂದಿಗೆ ಏನು ಹೇಳಬೇಕು!

“ಬಾ ತಮ್ಮಾ, ಕೂಡು. ನೀ ಏನು ಶೈತಾನ ಮಾಸ್ತರ?” ಅವಳು ಕುರಿಯ ಕಾಲು ಬಿಟ್ಟು ಎದ್ದಳು. “ಕೋಡು ಇರಬೇಕಂತ ಮಾಡಿದ್ದೆ. ನೀ ನೋಡಿದ್ರ ಚಸ್ಮಾ ಹಾಕ್ಕೊಂಡು ಬಂದೀದಿ.”

ಇಂಥ ದಿನದಲ್ಲೂ ಚೇಷ್ಟೆ! ಮಚ್ಛೇಂದ್ರ ನಕ್ಕುಬಿಟ್ಟ. ಚಿಕ್ಕಮ್ಮನನ್ನು ಕರೆಯುವಂತೆ ಮೌಶಿ ಎಂದೇ ಕರೆದು ಎಲ್ಲವನ್ನೂ ಹೇಳಿದ. ತಾನು ಮಾಂತ್ರಿಕನಲ್ಲ, ಆದರೂ ಕಟ್ಟೆಯ ಮೇಲೆ ನಿಂತು ಶೈತಾನನ ಹೆಸರಿನಲ್ಲಿ ನೀನಲ್ಲ ಎಂದು ಸಾರುತ್ತೇನೆ, ಸುಮ್ಮನೆ ಇರು, ನಿನ್ನ ಹಲ್ಲು ಉಳಿಯುತ್ತವೆ. ತನ್ನ ಆಯಿಯ ಕಥೆಯನ್ನೂ ಹೇಳಿದ. ಹೀರಾಬಾಯಿ ಬಾಯಿಗೆ ಸೆರಗು ಹಚ್ಚಿ ಕೇಳಿದಳು. ಆಮೇಲೆ ಕುರಿಯ ಕಿವಿ ನೇವರಿಸುತ್ತ ತಾನೇ ಮಾತು ತೆಗೆದಳು.

“ಅಲ್ಲ ತಮ್ಮಾ, ಆ ನಿನ್ನ ಶೈತಾನ ಮಾಡಿದ್ದರೇ ಏನು? ಯಾರಿಗರೆ ಹೊಡದಾನೇನು?”

“ಇಲ್ಲ ಮೌಶಿ. ಕಥಿ ಪ್ರಕಾರ ಅಂವ ದೊಡ್ಡಾಂವನ ಮುಂದ ಮಂಡಿ ಊರು ಅಂದ್ರ ಊರಲಿಲ್ಲ. ಯಾಕ ಊರಬೇಕಂತ ಕೇಳಿದ. ಅದಕ್ಕ ಹೊರಗ ಹಾಕಿದ್ರು.”

“ಇಷ್ಟೇ?”

“ಇಷ್ಟೇ. ಮುಂದ ಊರಾಗ ಏನ ಕೆಟ್ಟದಾದ್ರೂ ಅವನ ಹೆಸರಿಗೇ ಹಚ್ಚಿದ್ರು. ರೋಗ ಬಂದ್ರ ಅಂವ, ಮಳಿ ಹೋದ್ರ ಅಂವ. ಅಮೆರಿಕದಾಗ ಕೆಲವು ಮಂದಿ ಇದನ್ನ ನೋಡಿ ಅಂದ್ರು, ಅಂವ ಅಂತೂ ಇಲ್ಲ, ಖರೇ, ಆದ್ರ ಮಂಡಿ ಊರದಾಂವನ ಹೆಸರ ನಮಗ ಇರ್ಲಿ. ನಮ್ಮ ಮೈ ನಮ್ಮದು, ಇನ್ನೊಬ್ಬರು ಕೈ ಹಚ್ಚಂಗಿಲ್ಲ ಅಂದ್ರು.”

ಹೀರಾಬಾಯಿ ತನ್ನ ಮೊಣಕಾಲು ತಟ್ಟಿಕೊಂಡು ನಕ್ಕಳು. ಬಿಳಿಯ, ಗಟ್ಟಿ, ಒಂದೂ ಬೀಳದ ಹಲ್ಲುಗಳು. “ನಿನ್ನ ಶೈತಾನ ನಮ್ಮ ಪೈಕಿನೇ ಅದಾನಲ್ಲೋ!” ಎಂದಳು. ನಗು ನಿಂತ ಮೇಲೆ, “ಆ ಫ್ರಾಕು ನಾನೇ ಕೊಡಿಸಿದ್ದು,” ಎಂದಳು. “ಧೊಂಡಿಬಾ ಅಣ್ಣಗ ಅದು ನೆನಪಿಲ್ಲ.” ಇಷ್ಟು ಹೇಳಿ ಕಣ್ಣು ಒರೆಸಿಕೊಂಡಳು.

ಹೊತ್ತು ಇಳಿಯುವಾಗ ಕುರಿಗಾರರ ದೇವರು ಖಂಡೋಬಾನ ಕಟ್ಟೆಯ ಸುತ್ತ ಊರಲ್ಲಿದ್ದವರೆಲ್ಲ ಕೂಡಿದರು. ಕಟ್ಟೆಯ ಮೆಟ್ಟಿಲ ಮೇಲೆ ಭಂಡಾರದ ಅರಿಶಿನ ಎರಚಿದ್ದರು. ಆರೋಪ ಹೊತ್ತವಳು ಆ ಮೆಟ್ಟಿಲಿಗೆ ಮಂಡಿ ಊರಿ ತಪ್ಪಾಯಿತು ಎನ್ನಬೇಕು, ಹಲ್ಲು ಕೀಳುವುದು ಆಮೇಲೆ. ಹಣಮಂತಪ್ಪನ ಕೈಯಲ್ಲಿ ಇಕ್ಕಳ. ಅದನ್ನು ನೋಡಿದೊಡನೆ ಮಚ್ಛೇಂದ್ರನಿಗೆ ಆಯಿಯ ಬೊಚ್ಚುಬಾಯಿ ಕಣ್ಣಿಗೆ ಕಟ್ಟಿತು. ಅವನು ಸರಸರ ಕಟ್ಟೆ ಹತ್ತಿ, ಕಣ್ಣು ಮುಚ್ಚಿ, ತನಗೆ ಗೊತ್ತಿದ್ದ ಬುದ್ಧವಂದನೆಯ ಒಂದೆರಡು ಪಾಲಿ ಸಾಲು ಗುನುಗುನಿಸಿ, ಕಣ್ಣು ತೆರೆದು ದೊಡ್ಡ ದನಿಯಲ್ಲಿ ಹೇಳಿದ:

“ಕೇಳಿನಿ ನಾ. ದೊಡ್ಡ ಶೈತಾನ ಹೇಳ್ಯಾನ. ಹೀರಾಬಾಯಿ ಭಾನಾಮತಿ ಮಾಡಿಲ್ಲ. ಆಕಿಗಿ ಕೈ ಹಚ್ಚಿದಾಂವಗ ಒಳ್ಳೇದಾಗಂಗಿಲ್ಲ!”

ಜನರಲ್ಲಿ ಗುಜುಗುಜು. ಒಬ್ಬ ಮುದುಕ, “ನಾ ಮೊದಲೇ ಅಂದಿಲ್ಲೇನು!” ಎಂದು ತೊಡೆ ತಟ್ಟಿದ. ಹಣಮಂತಪ್ಪ ಇಕ್ಕಳ ಕೆಳಗೆ ಇಳಿಸಿದ. ಇಷ್ಟು ಸಲೀಸೇ! ಒಂದು ಸುಳ್ಳಿಗೆ ಇಷ್ಟು ತಾಕತ್ತೇ! ಮಚ್ಛೇಂದ್ರನ ಬಾಯಿಗೆ ನಗು ಬರುವುದರಲ್ಲಿತ್ತು.

“ಹಂಗಾದ್ರ ಮಾಡಿದಾಕಿ ಯಾರ್ರಿ?” ಎಂದ ಹಣಮಂತಪ್ಪ.

ಮಚ್ಛೇಂದ್ರನ ನಗು ಅಲ್ಲೇ ಹಾರಿಹೋಯಿತು.

“ಅದು... ದೂರದಾಂವ. ಈ ಊರಿನಾಂವ ಅಲ್ಲ.”

“ದೂರದಾಂವ ಕೀಲಿ ಹಾಕಿದ ಮನ್ಯಾಗ ಹ್ಯಾಂಗ ಬರ್ತಾನ್ರಿ? ಊರಾಗ ಉಳದ ಹೆಂಗಸೇ ಇರಬೇಕು. ಹೆಸರ ಹೇಳ್ರಿ ಸರ, ಹೆಸರ!”

“ಹೆಸರ ಹೇಳ್ರಿ,” ಎಂದರು ನಾಲ್ಕಾರು ಜನ. ಯಾರೂ ಹೇಳದೆ, ಯಾರೂ ಬೆರಳು ತೋರಿಸದೆ, ಎಲ್ಲರ ಕಣ್ಣು ಮೆಲ್ಲನೆ ಒಂದೇ ಕಡೆ ತಿರುಗಿದವು. ಅಲ್ಲಿ ಬೇವಿನ ಬುಡದಲ್ಲಿ ಕಾಂತಾಬಾಯಿ ನಿಂತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಇರುವವಳು, ದಾರಿಯಲ್ಲಿ ಹೋಗುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುವವಳು. ಎಲ್ಲರೂ ತನ್ನನ್ನೇ ನೋಡುವುದು ತಿಳಿದು ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಯ್ಯೋ, ತಾನು ಮಾಡಿದ್ದೇನು! ಭಾನಾಮತಿ ಇಲ್ಲ ಎಂದು ಅವನು ಹೇಳಲೇ ಇಲ್ಲ. ಇದೆ, ಆದರೆ ಇವಳದಲ್ಲ ಎಂದ. ಇವಳದಲ್ಲದ ಮೇಲೆ ಇನ್ನೊಬ್ಬಳದಾಗಬೇಕು, ಇಕ್ಕಳಕ್ಕೆ ಒಂದು ಬಾಯಿ ಬೇಕು. ಇಷ್ಟು ವರ್ಷ ಮಾಟಗಾತಿಯರನ್ನು ಸುಟ್ಟ ಚರಿತ್ರೆ ಓದಿದ ತಲೆಗೆ ಇದೊಂದು ಹೊಳೆಯಬೇಡವೇ! ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

“ಸಾಕು ಇಳಿ, ತಮ್ಮಾ,” ಎಂದಳು ಹೀರಾಬಾಯಿ.

ಅವಳು ಜನರನ್ನು ಸರಿಸಿಕೊಂಡು ಬಂದು ಕಟ್ಟೆಯ ಮುಂದೆ ನಿಂತಳು. “ನನ್ನ ಉಳಸಾಕ ಅಂವ ಸುಳ್ಳ ಹೇಳ್ಯಾನ. ಕಾಂತಾನ ಕಡೀ ಯಾಕ ನೋಡ್ತೀರಿ? ಕೀಲಿ ನನ್ನ ಬಲ್ಲಿ ಇದ್ದವು, ಮನಿಯೊಳಗ ಹೋದಾಕಿ ನಾ, ದೀಪ ಹಚ್ಚಿದಾಕಿ ನಾ. ಹಚ್ಚೋದಿದ್ರ ನನ್ನ ಹೆಸರಿಗೇ ಹಚ್ಚರಿ.”

“ಹಂಗಾದ್ರ ಮಂಡಿ ಊರು!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಊರಂಗಿಲ್ಲ.” ದನಿ ಎತ್ತರಿಸದೆ ಹೇಳಿದಳು. “ಮಾಡದ ತಪ್ಪಿಗಿ ದೇವರ ಮುಂದೂ ಊರಂಗಿಲ್ಲ, ಪಂಚರ ಮುಂದೂ ಊರಂಗಿಲ್ಲ. ಈ ಮಾಸ್ತರ ಮುಂಜಾನಿ ಒಂದು ಕಥಿ ಹೇಳ್ಯಾನ. ಯಾಕ ಊರಬೇಕಂತ ಕೇಳಿದಾಂವನ ಶೈತಾನ ಅಂದ್ರಂತ. ಅಂದ್ರ ಅನ್ರಿ. ನನಗೂ ಅದೇ ಅನ್ರಿ. ನಾ ಕೆಟ್ಟ ಅಂದಕೊಳ್ಳಂಗಿಲ್ಲ.”

ಖಂಡೋಬಾನ ಕಟ್ಟೆಯ ಮುಂದೆ ನಿಂತು ಹೀಗೆ ಮಾತಾಡುವುದೇ! ಹೆಂಗಸರು ಸೆರಗು ಕಚ್ಚಿ ನಿಂತರು. ಮಚ್ಛೇಂದ್ರನ ಮೈಮೇಲೆ ಮುಳ್ಳು ಎದ್ದವು. ಸಮುದ್ರದ ಆಚೆಯ ಜನ ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದು ಯಾರನ್ನು ಎಂದು ಅವನಿಗೆ ಆಗ ನಿಜವಾಗಿ ಕಂಡಿತು. ಓದುವಾಗ ಇಷ್ಟು ಕಂಡಿರಲಿಲ್ಲ.

ಹೀರಾಬಾಯಿ ಸೊಂಟದ ಗೊಂಚಲು ಬಿಚ್ಚಿ, ದಾರ ಹರಿದು, ಕೀಲಿಗಳನ್ನೆಲ್ಲ ಭಂಡಾರ ಬಿದ್ದ ಮೆಟ್ಟಿಲ ಮೇಲೆ ಸುರಿದಳು. “ನಾ ಭಾನಾಮತಿ ಅಂತ ಯಾರ ಮನಸಿನಾಗ ಅದನೋ ಅವರು ಬಂದು ತಮ್ಮ ಕೀಲಿ ತಗೋರಿ. ನಾಳಿ ಮತ್ತ ಹೈದರಾಬಾದಕ್ಕ ಹೋಗಾಗ ನನ್ನ ಕೈಯಾಗ ಕೊಡಬ್ಯಾಡ್ರಿ. ಕೀಲಿ ತಗೊಂಡು, ನನ್ನ ಮಾರಿ ನೋಡಿ, ಹೀರಾ ನೀ ಕೂಸಿನ ಕೊಂದೀದಿ ಅನ್ರಿ. ಆಮ್ಯಾಲ ಇಕ್ಕಳ ಹಾಕ್ರಿ. ನಾ ಬಾಯಿ ತೆಗೀತೇನಿ.”

ಯಾರೂ ಅಲುಗಾಡಲಿಲ್ಲ. ಗುಂಪಿನಲ್ಲಿ ಕೂಗುವುದು ಬೇರೆ, ಒಬ್ಬನೇ ಎದ್ದು ಬಂದು ಬಾಗಿ ಕೀಲಿ ಎತ್ತಿಕೊಳ್ಳುವುದು ಬೇರೆ. ಎಲ್ಲರಿಗೂ ತಂತಮ್ಮ ಬೀಗ ನೆನಪಾಯಿತು, ಬಿಟ್ಟುಹೋದ ಕೋಳಿ, ದನ, ಮುದುಕರು ನೆನಪಾದರು. ಹಣಮಂತಪ್ಪ ಇಕ್ಕಳವನ್ನು ಬೆನ್ನ ಹಿಂದೆ ಮಾಡಿಕೊಂಡ. ಕೀಲಿಯ ರಾಶಿಯಲ್ಲಿ ಅವನದೂ ಒಂದಿತ್ತು.

ಎದ್ದವನು ಧೊಂಡಿಬಾ ಒಬ್ಬನೇ. ಕಂಬಳಿ ಜಾರುತ್ತಿದ್ದರೂ ಲಕ್ಷ್ಯವಿಲ್ಲದೆ ಬಂದು ಮೆಟ್ಟಿಲ ಬಳಿ ಬಾಗಿದ. ಅಷ್ಟು ಕೀಲಿಗಳಲ್ಲಿ ತನ್ನದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಒಂದನ್ನು ಎತ್ತಿದ, ಇಟ್ಟ, ಇನ್ನೊಂದು ಎತ್ತಿದ. ಹೀರಾಬಾಯಿಯೇ ಬಗ್ಗಿ, ರಾಶಿಯಿಂದ ಒಂದನ್ನು ಆರಿಸಿ ಅವನ ಅಂಗೈಯಲ್ಲಿಟ್ಟಳು.

“ಇದು ನಿಂದು, ಅಣ್ಣಾ. ಈಗ ಅನ್ನು.”

ಧೊಂಡಿಬಾ ಅವಳ ಮುಖ ನೋಡಿದ. ಹಾಗೇ ನಿಂತವನು ಒಮ್ಮೆಲೇ ಮಗುವಿನಂತೆ ಅತ್ತುಬಿಟ್ಟ. “ಯಾರರೆ ಮಾಡಿರಬೇಕಲ್ಲ ಹೀರಾ! ಯಾರೂ ಏನೂ ಮಾಡದೆ ಹ್ಯಾಂಗ ಹೋಗ್ತದ ಕೂಸು? ಮುಂಜಾನಿ ಆಡಾಕತ್ತಿತ್ತಲ್ಲ!”

ಇದಕ್ಕೆ ಉತ್ತರ ಇದ್ದವನು ಮಚ್ಛೇಂದ್ರ, ಇದ್ದೂ ಇಷ್ಟು ಹೊತ್ತು ಬೇರೆಯದನ್ನೇ ಹೇಳಿದವನು. ಅವನು ಕಟ್ಟೆ ಇಳಿದು ಬಂದು ಮುದುಕನ ಭುಜ ಹಿಡಿದ.

“ಕಾಕಾ, ನಾ ಈಗ ಹೇಳಿದ್ದು ಸುಳ್ಳ. ನನಗ ಯಾವ ಶೈತಾನೂ ಏನೂ ಹೇಳಿಲ್ಲ. ಶೈತಾನ ಇಲ್ಲ, ಭಾನಾಮತಿನೂ ಇಲ್ಲ. ಬಿಲ್ಡಿಂಗ್ ಬಲ್ಲಿ ಕುಡ್ಯಾಕ ನೀರು ಎಲ್ಲಿಂದ ತರ್ತಿದ್ದಿರಿ?”

“ಸಿಮೆಂಟ ಕಲಸಾಕ ನೀರು ತುಂಬಿಟ್ಟ ಹೌದಿನಿಂದ,” ಎಂದ ಧೊಂಡಿಬಾ. “ಬ್ಯಾರೆ ನೀರು ಇರ್ಲಿಲ್ಲ.”

“ಆ ನೀರೇ ಕಾಕಾ. ಹೀರಾಬಾಯಿ ಅಲ್ಲ, ಕಾಂತಾಬಾಯಿ ಅಲ್ಲ, ನೀವೂ ಅಲ್ಲ. ನಿಮಗ ಕುಡ್ಯಾಕ ಅದೇ ನೀರು ಬಿಟ್ಟವರಿಗಿ ಹೋಗಿ ಕೇಳಬೇಕು. ಕೇಳಾಕ ನಾನೂ ಬರ್ತೇನಿ.”

ನಂಬಿದನೋ ಇಲ್ಲವೋ, ಯಾರಿಗೆ ಗೊತ್ತು. ದುಃಖದಲ್ಲಿದ್ದ ಮನುಷ್ಯನಿಗೆ ಕೆಟ್ಟ ನೀರಿಗಿಂತ ಕೆಟ್ಟ ಹೆಂಗಸನ್ನು ನಂಬುವುದು ಸುಲಭ. ಅವನು ಮೂಗು ಒರೆಸಿಕೊಂಡು ಅಲ್ಲೇ ನಿಂತಿದ್ದ. ಜನ ಒಬ್ಬೊಬ್ಬರಾಗಿ ಕರಗತೊಡಗಿದರು. ಹಣಮಂತಪ್ಪ ತಲೆ ತಗ್ಗಿಸಿ ಬೇರೆ ದಾರಿ ಹಿಡಿದ. ಉಳಿದ ಕೀಲಿಗಳನ್ನು ಕಾಂತಾಬಾಯಿ ಬಂದು ಒಂದೊಂದಾಗಿ ಆರಿಸಿ ಹೀರಾಬಾಯಿಯ ಉಡಿಗೆ ಹಾಕಿದಳು.

ಧೊಂಡಿಬಾ ಮಾತ್ರ ಹೋಗಲಿಲ್ಲ. ಅಂಗೈಯಲ್ಲಿದ್ದ ಕೀಲಿಯನ್ನು ಮುಂದೆ ಚಾಚಿದ, ಹಿಂದೆಗೆದ, ಮತ್ತೆ ಚಾಚಿದ. ನಾಳೆ ಅವನು ಮಗ ಸೊಸೆಯ ಜೊತೆ ಮತ್ತೆ ಹೈದರಾಬಾದಿಗೆ ಹೋಗಬೇಕು. ಕಣ್ಣು ಕಾಣದ ಅವನ ತಾಯಿ ಈ ಎರಡು ಬರಗಾಲವನ್ನೂ ಹೀರಾಬಾಯಿಯ ಪಡಸಾಲೆಯಲ್ಲಿ, ಅವಳ ಕೈಯ ಗಂಜಿ ಕುಡಿದು ಕಳೆದವಳು.

“ಹೀರಾ,” ಎಂದ. “ಅವ್ವಗ... ನಾ ಹೋದ ಮ್ಯಾಲ ಅವ್ವಗ ಯಾರು?”

ಹೀರಾಬಾಯಿ ಅವನ ಬೆರಳುಗಳನ್ನು ಆ ಕೀಲಿಯ ಮೇಲೆ ಮಡಿಚಿದಳು.

“ಅವ್ವನ ತಂದು ಬಿಡು, ಅಣ್ಣಾ, ನಾ ನೋಡಿಕೊಳ್ತೇನಿ,” ಎಂದಳು. “ಕೀಲಿ ಬ್ಯಾಡ.”